ತಾಸು ತಪ್ಪಿ ಬರುವ ನಾಯಿ

ಕನ್ನಡ ಪತ್ರಿಕೆಗಳ ಕಳ್ಳತನದ ಸುದ್ದಿಗೆ ಒಂದು ಖಾಯಂ ಕೊನೆಯ ಸಾಲಿದೆ. ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು. ಬೀಗ ಮುರಿದದ್ದು ಸಿಂದಗಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ, ಸಾಲು ಅದೇ. ನಾಯಿ ಎಷ್ಟು ಹೊತ್ತಿಗೆ ಬಂತು, ಎಲ್ಲಿಯ ತನಕ ಹೋಯಿತು, ಅಲ್ಲಿ ಯಾಕೆ ನಿಂತಿತು ಎಂದು ಯಾರೂ ಬರೆಯುವುದಿಲ್ಲ, ಓದುವವರೂ ಕೇಳುವುದಿಲ್ಲ. ಕೇಳಿದ್ದರೆ, ವಿಜಯಪುರದಂಥ ಹರಡಿಕೊಂಡ ಜಿಲ್ಲೆಯಲ್ಲಿ ಪೊಲೀಸ್ ನಾಯಿಯ ಕೆಲಸ ಎಲ್ಲಿ ಕೆಡುತ್ತಿದೆ ಎಂಬುದು ಎಂದೋ ಚರ್ಚೆಗೆ ಬರುತ್ತಿತ್ತು.

ದೇವರ ಹಿಪ್ಪರಗಿಯನ್ನೇ ನೋಡಿ. ವಿಜಯಪುರದಿಂದ ಸಿಂದಗಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಮಡಿವಾಳ ಮಾಚಿದೇವರ ಊರೆಂದು ಶರಣ ಪರಂಪರೆಯಲ್ಲಿ ಹೆಸರು; ರಾವುತರಾಯನ ಜಾತ್ರೆಗೆ ಸುತ್ತಲಿನ ಹಳ್ಳಿಗಳೆಲ್ಲ ಬಂದು ಕೂಡುವ ಜಾಗ. ಹಳೆಯ ಸಿಂದಗಿ ತಾಲ್ಲೂಕಿನಲ್ಲಿದ್ದದ್ದು ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ಠಾಣೆ ಇದೆ, ಪಟ್ಟಣ ಪಂಚಾಯಿತಿ ಇದೆ, ವಿಧಾನಸಭಾ ಕ್ಷೇತ್ರಕ್ಕೂ ಈ ಊರಿನದೇ ಹೆಸರು. ನಾಯಿ ಮಾತ್ರ ವಿಜಯಪುರದಿಂದ ಬರಬೇಕು. ಸುಮಾರು 40 ಕಿ.ಮೀ. ದಾರಿ. ಇಂಡಿಗೂ ಸಿಂದಗಿಗೂ ಇನ್ನೂ ಹದಿನೈದಿಪ್ಪತ್ತು ಕಿ.ಮೀ. ಹೆಚ್ಚು, ಮುದ್ದೇಬಿಹಾಳಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು.

ಹತ್ತು ಸಾವಿರ ಚದರ ಕಿ.ಮೀ. ಮೀರಿದ ಜಿಲ್ಲೆ, 13 ತಾಲ್ಲೂಕು. ಶ್ವಾನದಳ ಇರುವುದು ಜಿಲ್ಲಾ ಕೇಂದ್ರದಲ್ಲಿ, ಸಶಸ್ತ್ರ ಮೀಸಲು ಪಡೆಯ ಜೊತೆಗೆ. ಅಲ್ಲಿರುವ ನಾಯಿಗಳೆಲ್ಲ ಕಳ್ಳರ ಬೆನ್ನು ಹತ್ತುವವಲ್ಲ. ಸ್ಫೋಟಕ ಹುಡುಕುವ ನಾಯಿಯ ತರಬೇತಿಯೇ ಬೇರೆ. ಮಂತ್ರಿಗಳು ಬಂದಾಗ ವೇದಿಕೆಯ ಅಡಿ, ಬಸ್ ನಿಲ್ದಾಣ, ರೈಲು ನಿಲ್ದಾಣ ಅದರ ಪಾಲು. ಅದನ್ನು ಕಳ್ಳತನವಾದ ಮನೆಗೆ ಒಯ್ದರೆ ಏನೂ ಸಿಗದು. ಜಾಡು ಹಿಡಿದು ಓಡುವ ನಾಯಿ, ಇಲಾಖೆಯವರ ಬಾಯಲ್ಲಿ ‘ಕ್ರೈಂ ಡಾಗ್’, ಯಾವ ಜಿಲ್ಲೆಯಲ್ಲೂ ಬೆರಳೆಣಿಕೆ. ಅದು ಒಂದು ಬೆಳಿಗ್ಗೆ ತಾಳಿಕೋಟೆ ಕಡೆ ಹೋಗಿದ್ದರೆ, ಅದೇ ಬೆಳಿಗ್ಗೆ ಬೀಗ ಒಡೆಸಿಕೊಂಡ ದೇವರ ಹಿಪ್ಪರಗಿಯ ಮನೆಯವರು ಮಧ್ಯಾಹ್ನದ ತನಕ ಬಾಗಿಲು ಕಾಯಬೇಕು.

ಕಾಯುವಾಗ ಆಗುವುದೇನು ಎಂಬುದು ಎಲ್ಲರಿಗೂ ಗೊತ್ತು. ಈ ಸೀಮೆಯಲ್ಲಿ ಬೀಗ ಬಿದ್ದ ಮನೆಗಳಿಗೆ ಕೊರತೆಯಿಲ್ಲ. ಪುಣೆಗೆ, ಮುಂಬೈಗೆ, ಗೋವೆಗೆ ಗುಳೆ ಹೋದವರ ಮನೆ. ಮದುವೆಗೆ ಹೋದವರ ಮನೆ. ಜಾತ್ರೆಯ ದಿನ ಇಡೀ ಓಣಿ. ಬೆಳಿಗ್ಗೆ ಪಕ್ಕದ ಮನೆಯವರು ಕೊಂಡಿ ಮುರಿದದ್ದು ನೋಡಿ ಕೂಗಿದರೆ ಓಣಿಯೆಲ್ಲ ಒಳಗೆ. ಏನೇನ್ ಹೋಗ್ಯಾವು ನೋಡ್ರಿ ಎಂದು ಒಬ್ಬರು ಟ್ರೆಜರಿಯ ಬಾಗಿಲು ತೆಗೆಯುತ್ತಾರೆ, ಇನ್ನೊಬ್ಬರು ನೆಲದ ಮೇಲೆ ಚೆಲ್ಲಿದ ಸೀರೆ ಮಡಚಿ ಇಡುತ್ತಾರೆ, ಮತ್ತೊಬ್ಬರು ಮೊಬೈಲಿನಲ್ಲಿ ಎಲ್ಲವನ್ನೂ ಪುಣೆಯಲ್ಲಿರುವ ಮನೆಯವರಿಗೆ ತೋರಿಸುತ್ತಾರೆ. ದುರುದ್ದೇಶ ಯಾರದೂ ಅಲ್ಲ. ಕಳ್ಳ ಮುಟ್ಟಿದ್ದನ್ನೆಲ್ಲ ಊರೂ ಮುಟ್ಟಿಯಾದ ಮೇಲೆ ಠಾಣೆಯ ಪೊಲೀಸರು ಬರುತ್ತಾರೆ, ಅವರಲ್ಲೂ ಇಬ್ಬರು ಮೂವರು ಒಳಗೆ ಅಡ್ಡಾಡುತ್ತಾರೆ, ಆಮೇಲೆ ವಿಜಯಪುರಕ್ಕೆ ಫೋನು.

ನಾಯಿಯ ಮೂಗಿನ ವಿಷಯದಲ್ಲಿ ಜನರಿಗೆ ಎರಡು ತುದಿಯ ನಂಬಿಕೆಗಳಿವೆ. ಅದಕ್ಕೆ ಎಲ್ಲವೂ ಗೊತ್ತಾಗುತ್ತದೆ ಎನ್ನುವವರು ಒಂದು ಕಡೆ. ಅದು ಬಸ್ ಸ್ಟ್ಯಾಂಡ್ ತನಕ ಹೋಗಿ ನಿಲ್ಲುತ್ತದೆ ಅಷ್ಟೆ ಎಂದು ನಗುವವರು ಇನ್ನೊಂದು ಕಡೆ. ನಿಜ ಇವೆರಡರ ನಡುವೆ ಇದೆ, ಮತ್ತು ಅದು ನೆಲ, ಗಾಳಿ, ಬಿಸಿಲನ್ನು ಅವಲಂಬಿಸಿದೆ. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು 50–60 ಲಕ್ಷದಷ್ಟಾದರೆ ನಾಯಿಯಲ್ಲಿ ಇಪ್ಪತ್ತು ಕೋಟಿ ದಾಟುತ್ತವೆ. ನಡೆದು ಹೋದವನ ಮೈಯಿಂದ ಕಣ್ಣಿಗೆ ಕಾಣದ ಚರ್ಮದ ಹೊಟ್ಟು ಉದುರುತ್ತಲೇ ಇರುತ್ತದೆ. ಕಾಲಡಿ ಹುಲ್ಲು ಜಜ್ಜುತ್ತದೆ, ಮಣ್ಣು ಕೆದರುತ್ತದೆ. ಇದೆಲ್ಲ ಕೂಡಿದ ವಾಸನೆಯೇ ಜಾಡು. ತಂಪು ಹೊತ್ತು, ತೇವದ ನೆಲ, ಜನ ತುಳಿಯದ ದಾರಿ ಇದ್ದರೆ ಅದು ಬಹಳ ಹೊತ್ತು ಉಳಿಯುತ್ತದೆ. ಬಿಸಿಲು, ಬೀಸುಗಾಳಿ, ಡಾಂಬರು, ವಾಹನದ ಹೊಗೆ ಇದ್ದರೆ ಬೇಗ ಚದುರುತ್ತದೆ.

ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಆ ಬಿಸಿಲಲ್ಲಿ ಹೆದ್ದಾರಿಯ ಡಾಂಬರು ನಾಯಿಯ ಪಾದ ಸುಡುವಷ್ಟು ಕಾಯುತ್ತದೆ. ಇನ್ನೊಂದು ತೊಡಕೂ ಇದೆ: ನಾಯಿಗೆ ಮೈ ತಂಪು ಮಾಡಿಕೊಳ್ಳಲು ಇರುವ ಮುಖ್ಯ ದಾರಿ ಬಾಯಿ ತೆರೆದು ತೇಕುವುದು, ಮತ್ತು ತೇಕುವ ನಾಯಿ ಸರಿಯಾಗಿ ಮೂಸಲಾರದು. ಹೀಗಾಗಿ ಬೆಳಗಿನ ಆರಕ್ಕೆ ಸಾಧ್ಯವಿದ್ದ ಕೆಲಸ ಹನ್ನೊಂದಕ್ಕೆ ಅರ್ಧವಾಗುತ್ತದೆ, ಎರಡಕ್ಕೆ ಕೇವಲ ಶಾಸ್ತ್ರವಾಗುತ್ತದೆ. ದೇವರ ಹಿಪ್ಪರಗಿಗೆ ವಿಜಯಪುರ ಎಷ್ಟು ದೂರ ಎಂಬುದನ್ನು ಕಿ.ಮೀ. ಲೆಕ್ಕದಲ್ಲಿ ಅಳೆಯುವುದಕ್ಕಿಂತ ಬಿಸಿಲಿನ ಲೆಕ್ಕದಲ್ಲಿ ಅಳೆಯುವುದು ಸರಿ.

ಹೊತ್ತಿಗೆ ಸರಿಯಾಗಿ ಮುಟ್ಟಿದ ನಾಯಿ ಏನು ಮಾಡಬಲ್ಲದು ಎಂಬುದಕ್ಕೆ ದಾವಣಗೆರೆ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಕರ್ನಾಟಕದಲ್ಲಿ ಸಿಗುವುದಿಲ್ಲ. ಅಲ್ಲಿನ ತುಂಗಾ ಎಂಬ ಡಾಬರ್‌ಮನ್ ಹೆಸರು 2020ರ ಜುಲೈನಲ್ಲಿ ರಾಜ್ಯದ ಆಚೆಗೂ ಹೋಯಿತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಕಡೆ ಒಬ್ಬನನ್ನು ಗುಂಡಿಟ್ಟು ಕೊಂದಿದ್ದರು. ಜಾಗ ಮೂಸಿದ ತುಂಗಾ ಓಡತೊಡಗಿದಳು, ಹಿಂದೆ ಪೊಲೀಸರು. ಹತ್ತು ಕಿ.ಮೀ.ಗೂ ಹೆಚ್ಚು ದೂರ ಓಡಿ ಕಾಶೀಪುರದ ತಾಂಡಾದಲ್ಲಿ ಒಂದು ಮನೆಯ ಮುಂದೆ ನಿಂತಳು. ಅಲ್ಲಿಂದ ಹಿಡಿದ ಎಳೆ ಆರೋಪಿಯ ಬಂಧನದ ತನಕ ಹೋಯಿತು. ಕೊಲೆಗೆ ಬಳಸಿದ ಪಿಸ್ತೂಲು ಪೊಲೀಸ್ ಇಲಾಖೆಯದೇ, ಧಾರವಾಡದ ಕಡೆ ಕಳುವಾದದ್ದು ಎಂಬುದೂ ಹೊರಬಿತ್ತು. ಆಗ ತುಂಗಾಳಿಗೆ ವಯಸ್ಸು ಹತ್ತರ ಹತ್ತಿರ, ಪೊಲೀಸ್ ನಾಯಿಯ ಲೆಕ್ಕದಲ್ಲಿ ನಿವೃತ್ತಿಯ ಅಂಚು. ಹಿರಿಯ ಅಧಿಕಾರಿಗಳು ಬೆಂಗಳೂರಿನಿಂದ ಬಂದು ಹಾರ ಹಾಕಿ ಹೋದರು. 2022ರ ಆಗಸ್ಟ್‌ನಲ್ಲಿ ಸತ್ತಾಗ ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಿದರು.

ಅದೇ ಹೆಸರನ್ನು ಮುಂದುವರಿಸಿದ ತುಂಗಾ-2 ಮಾಡಿದ ಕೆಲಸ ಇನ್ನೂ ಒಂದು ಕೈ ಮೇಲು. 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆ ರಸ್ತೆ ಬದಿ ಶವ ಸಿಕ್ಕಿತು. ಅದೇ ರಾತ್ರಿ ನಾಯಿ ಬಂತು. ಮಳೆಯ ರಾತ್ರಿಯಲ್ಲಿ ಸುಮಾರು 8 ಕಿ.ಮೀ. ಓಡಿ ಒಂದು ಮನೆಯ ಮುಂದೆ ನಿಂತಾಗ ಒಳಗಿನಿಂದ ಹೆಣ್ಣುಮಗಳೊಬ್ಬಳ ಚೀರಾಟ. ಕೊಂದು ಬಂದವನು ಮನೆಯಲ್ಲಿ ಹೆಂಡತಿಯನ್ನೂ ಸಾಯುವಂತೆ ಹೊಡೆಯುತ್ತಿದ್ದ. ಪೊಲೀಸರು ನುಗ್ಗಿ ಬಿಡಿಸಿದರು. ನಾಯಿ ಬೆಳಗಾದ ಮೇಲೆ ಬಂದಿದ್ದರೆ ಆರೋಪಿ ಬಹುಶಃ ಸಿಗುತ್ತಿದ್ದ, ಆ ಹೆಣ್ಣುಮಗಳು ಉಳಿಯುವುದು ಅನುಮಾನ.

ಈ ಎರಡು ಪ್ರಕರಣಗಳ ಬಗ್ಗೆ ಬಂದ ಸುದ್ದಿಗಳೆಲ್ಲ ನಾಯಿಯ ಪರಾಕ್ರಮವನ್ನು ಹೊಗಳಿದವು. ಹೊಗಳಬೇಕಾದ್ದೇ. ಆದರೆ ಎರಡರಲ್ಲೂ ಜಾಗ ಹಳ್ಳಿಯದು, ಮಳೆಗಾಲದ ನೆಲ, ಕೊಂದವನು ಕಾಲ್ನಡಿಗೆಯಲ್ಲಿ ಹೋದದ್ದು, ನಾಯಿ ತಡವಿಲ್ಲದೆ ಬಂದದ್ದು ಎಂಬುದನ್ನು ಯಾರೂ ಒತ್ತಿ ಹೇಳಲಿಲ್ಲ. ಡಾಬರ್‌ಮನ್ ತಳಿ ದಾವಣಗೆರೆಯದಲ್ಲ, ಎಲ್ಲಿಗೆ ಬೇಕಾದರೂ ಬರುತ್ತದೆ. ಬೇಗ ಮುಟ್ಟುವ ವ್ಯವಸ್ಥೆ ಮಾತ್ರ ತಾನಾಗಿ ಬರುವುದಿಲ್ಲ.

ವಿಜಯಪುರ ಜಿಲ್ಲೆ 2025ರಲ್ಲಿ ಕಂಡದ್ದು ಇದಕ್ಕೆ ತಿರುವುಮುರುವು. ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಲ್ಲಿ ಮೇ ತಿಂಗಳ ನಾಲ್ಕನೇ ಶನಿವಾರ ಮತ್ತು ಭಾನುವಾರದ ರಜೆಯನ್ನು ನೋಡಿಕೊಂಡು ಕಳ್ಳರು ಸುಮಾರು 59 ಕೆ.ಜಿ. ಅಡವಿನ ಚಿನ್ನ ಹೊತ್ತೊಯ್ದರು. ಬೆಲೆ 53 ಕೋಟಿ ರೂಪಾಯಿಯಷ್ಟು. ಹೋಗುವಾಗ ಕ್ಯಾಮೆರಾದ ರೆಕಾರ್ಡರನ್ನೇ ಕಿತ್ತುಕೊಂಡು ಹೋದರು; ಮಾಟಮಂತ್ರದವರ ಕೆಲಸವೆಂದು ತೋರಲಿ ಎಂದು ಪೂಜೆಯ ಗೊಂಬೆಯನ್ನೂ ಇಟ್ಟು ಹೋದರು. ತಿಂಗಳ ಮೇಲೆ ಬಂಧನಗಳು ಶುರುವಾದಾಗ ಸಿಕ್ಕವರಲ್ಲಿ ಆ ಶಾಖೆಯಲ್ಲೇ ಕೆಲಸ ಮಾಡಿ ಕೆಲವೇ ದಿನಗಳ ಹಿಂದೆ ವರ್ಗವಾಗಿದ್ದ ವ್ಯವಸ್ಥಾಪಕನೂ ಇದ್ದ. ಇಂಥ ಕಡೆ ನಾಯಿಗೆ ಏನು ಕೆಲಸ? ದಿನಗಟ್ಟಲೆ ಅವಕಾಶ ಸಿಕ್ಕ ಕಳ್ಳರು, ವಾಹನದಲ್ಲಿ ಸಾಗಿಸಿದ ಮಾಲು, ದಿನವೂ ನೂರಾರು ಜನ ಬಂದು ಹೋಗುವ ಜಾಗ. ಇದು ನಾಯಿಯ ಪ್ರಕರಣವೇ ಅಲ್ಲ.

ಸೆಪ್ಟೆಂಬರ್ 16ರ ಚಡಚಣದ ಸ್ಟೇಟ್ ಬ್ಯಾಂಕ್ ದರೋಡೆಯೂ ಹಾಗೆಯೇ. ಮುಸುಕು ಹಾಕಿ ಬಂದವರು ಸಿಬ್ಬಂದಿಯ ಕೈಕಾಲು ಕಟ್ಟಿ 20 ಕೆ.ಜಿ.ಯಷ್ಟು ಚಿನ್ನ, ಒಂದು ಕೋಟಿಗೂ ಹೆಚ್ಚು ನಗದು ತುಂಬಿಕೊಂಡು ಮಹಾರಾಷ್ಟ್ರದ ಕಡೆ ಹೋದರು. ವಾಹನ ಸಿಕ್ಕಿದ್ದು ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ. ಬ್ಯಾಂಕಿನ ಬಾಗಿಲಲ್ಲಿ ಮೂಸಿದ ನಾಯಿ ವಾಹನ ಹತ್ತಿದ ಜಾಗದಲ್ಲಿ ನಿಲ್ಲುತ್ತದೆ, ನಿಲ್ಲಲೇಬೇಕು. ಆದರೆ ವಾಹನ ಬಿಟ್ಟು ಓಡಿದ ಜಾಗ ಇದೆಯಲ್ಲ, ಅಲ್ಲಿಂದ ನಾಯಿಯ ಕೆಲಸ ಮತ್ತೆ ಶುರು. ಕಬ್ಬಿನ ಗದ್ದೆಯಲ್ಲೋ ಜೋಳದ ಹೊಲದಲ್ಲೋ ಕತ್ತಲಲ್ಲಿ ನುಗ್ಗಿದವನನ್ನು ಯಾವ ಕ್ಯಾಮೆರಾ ಕಂಡೀತು?

ಈಗ ಎಲ್ಲ ಕಡೆ ಸಿಸಿಟಿವಿ ಇದೆ, ಮೊಬೈಲ್ ಟವರಿನ ಲೆಕ್ಕ ಇದೆ, ನಾಯಿ ಹಳೆಯ ಕಾಲದ್ದು ಎನ್ನುವ ವಾದಕ್ಕೆ ಉತ್ತರವೂ ಇಲ್ಲೇ ಇದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತ ನಾಯಿ ಸೋತಿಲ್ಲ. ಕಳ್ಳ ಯಾವ ಓಣಿಯಿಂದ ಬಂದ, ಯಾವ ಹೊಲ ದಾಟಿದ, ಎಲ್ಲಿ ವಾಹನ ಹತ್ತಿದ ಎಂಬುದನ್ನು ಹೇಳಿದೆ. ಯಾವ ಅಂಗಡಿಯ ಕ್ಯಾಮೆರಾ ತೆಗೆಸಿ ನೋಡಬೇಕು, ಯಾವ ಹೊತ್ತಿನ ಬಸ್ಸಿನ ಕಂಡಕ್ಟರನ್ನು ಕೇಳಬೇಕು ಎಂಬುದು ಅಲ್ಲಿಂದ ತಿಳಿಯುತ್ತದೆ. ಐವತ್ತು ಕ್ಯಾಮೆರಾಗಳ ರಾತ್ರಿಯಿಡೀ ದೃಶ್ಯ ನೋಡಲು ಸಣ್ಣ ಠಾಣೆಯಲ್ಲಿ ಸಿಬ್ಬಂದಿ ಎಲ್ಲಿದ್ದಾರೆ? ಐದಕ್ಕೆ ಇಳಿಸಿಕೊಟ್ಟರೆ ಅದೇ ದೊಡ್ಡ ಉಪಕಾರ.

ನಾಯಿಗೆ ಕಾಯುವುದರಲ್ಲೇ ಹೊತ್ತು ಕಳೆಯುವ ಪೀಕಲಾಟ ವಿಜಯಪುರಕ್ಕೆ ಮಾತ್ರ ಇರುವುದಲ್ಲ. 1888ರ ಲಂಡನ್ನಿನಲ್ಲಿ ‘ಜ್ಯಾಕ್ ದ ರಿಪ್ಪರ್’ ಎಂದು ಹೆಸರಾದ ಕೊಲೆಗಾರ ಒಬ್ಬೊಬ್ಬರೇ ಹೆಂಗಸರನ್ನು ಕೊಲ್ಲುತ್ತಿದ್ದಾಗ ಪೊಲೀಸ್ ಆಯುಕ್ತ ಚಾರ್ಲ್ಸ್ ವಾರನ್ ಬಾರ್ನಬಿ, ಬರ್ಗೊ ಎಂಬ ಎರಡು ಬ್ಲಡ್‌ಹೌಂಡ್ ನಾಯಿಗಳನ್ನು ತರಿಸಿ ಹೈಡ್ ಪಾರ್ಕಿನಲ್ಲಿ ಪರೀಕ್ಷೆ ಮಾಡಿದ್ದ. ನವೆಂಬರ್ 9ರಂದು ಮೇರಿ ಕೆಲ್ಲಿಯ ಶವ ಆಕೆಯ ಕೋಣೆಯಲ್ಲಿ ಸಿಕ್ಕಿತು. ನಾಯಿ ಬರುವ ತನಕ ಒಳಗೆ ಹೋಗಬಾರದೆಂಬ ತಿಳಿವಳಿಕೆಯಲ್ಲಿ ಪೊಲೀಸರು ತಾಸುಗಟ್ಟಲೆ ಬಾಗಿಲ ಹೊರಗೆ ನಿಂತರು. ಮಧ್ಯಾಹ್ನ ಒಂದೂವರೆಗೆ ಗೊತ್ತಾಯಿತು, ನಾಯಿಗಳು ಬರುವುದೇ ಇಲ್ಲ! ಅವು ಆಗ ಲಂಡನ್ನಿನಲ್ಲೇ ಇರಲಿಲ್ಲ. ಅವರು ಕನಿಷ್ಠ ಕೋಣೆಯನ್ನಾದರೂ ತುಳಿಯದೆ ಉಳಿಸಿದರು. ನಮ್ಮಲ್ಲಿ ನಾಯಿ ಖಂಡಿತ ಬರುತ್ತದೆ, ಕೋಣೆ ಉಳಿದಿರುವುದಿಲ್ಲ.

ಇಲ್ಲಿ ಕಾನೂನೂ ಸ್ವಲ್ಪ ನೆರವಿಗೆ ಬಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ಹೇಳುತ್ತದೆ. ರಾಜ್ಯಗಳು ಅದಕ್ಕೆ ಐದು ವರ್ಷದೊಳಗೆ ಸಜ್ಜಾಗಬೇಕು. ಕರ್ನಾಟಕ ಅದಕ್ಕೆ ಮೊದಲೇ ಅಪರಾಧ ಸ್ಥಳ ಪರಿಶೀಲನೆಗೆಂದು ‘ಸೋಕೋ’ ಅಧಿಕಾರಿಗಳನ್ನು ನೇಮಿಸಿಕೊಂಡಿತ್ತು. ನಾಯಿಯ ಬಗ್ಗೆ ಸಂಹಿತೆ ಏನೂ ಹೇಳುವುದಿಲ್ಲ. ಆದರೂ ತಜ್ಞರಿಗಾಗಿ ಉಳಿಸಿದ ಜಾಗ ನಾಯಿಗೂ ಉಳಿಯುತ್ತದೆ. ಹಗ್ಗ ಕಟ್ಟಿ, ಬಾಗಿಲಿಗೆ ಒಬ್ಬ ಕಾನ್‌ಸ್ಟೆಬಲನ್ನು ನಿಲ್ಲಿಸಿ, ಮನೆಯವರನ್ನೂ ಸೇರಿಸಿ ಯಾರನ್ನೂ ಒಳಗೆ ಬಿಡದಿರುವುದು. ಇದಕ್ಕೆ ಹಣ ಬೇಕಿಲ್ಲ, ಆದರೂ ಸಣ್ಣ ಊರುಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಊರಿನ ಹಿರಿಯರು, ಪಂಚಾಯಿತಿ ಸದಸ್ಯರು, ವರದಿಗಾರರು ಎಲ್ಲರಿಗೂ ‘ಸ್ವಲ್ಪ ನೋಡಿ’ ಬರಬೇಕು. ಅವರನ್ನು ತಡೆಯುವ ಕಾನ್‌ಸ್ಟೆಬಲ್ ನಾಳೆ ಅದೇ ಊರಲ್ಲಿ ನೌಕರಿ ಮಾಡಬೇಕು.

ಇನ್ನು ನಾಯಿ ನಿಂತ ಮೇಲೆ ಆಗುವ ಅನಾಹುತದ ಮಾತು. ಅದು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಜನ ನಗುತ್ತಾರೆ. ಯಾರದಾದರೂ ಮನೆಯ ಮುಂದೆ ನಿಂತರೆ ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ‘ನಾಯಿ ಸುಳ್ಳು ಹೇಳ್ತದೇನ್ರಿ?’ ಹೇಳದಿರಬಹುದು, ತಪ್ಪಂತೂ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. 18 ನಾಯಿಗಳು ಮತ್ತು ಅವುಗಳ ಹ್ಯಾಂಡ್ಲರ್‌ಗಳನ್ನು ಮಾದಕವಸ್ತುವಾಗಲಿ ಸ್ಫೋಟಕವಾಗಲಿ ಏನೂ ಇಲ್ಲದ ಕೋಣೆಗಳಿಗೆ ಬಿಟ್ಟರು. ವಾಸನೆ ಅಡಗಿಸಿಟ್ಟಿದ್ದೇವೆ ಎಂದು ಹ್ಯಾಂಡ್ಲರ್‌ಗಳಿಗೆ ಮಾತ್ರ ಸುಳ್ಳು ಹೇಳಿದ್ದರು. 144 ಬಾರಿ ಹುಡುಕಿಸಿದಾಗ ಒಂದೂ ತಪ್ಪು ಸೂಚನೆ ಇಲ್ಲದೆ ಮುಗಿದದ್ದು 21 ಬಾರಿ. ಉಳಿದೆಡೆ ಹೆಚ್ಚಾಗಿ ಹ್ಯಾಂಡ್ಲರ್ ಇದೆ ಎಂದು ನಂಬಿದ್ದ ಜಾಗದಲ್ಲಿ ನಾಯಿ ‘ಇದೆ’ ಎಂದಿತ್ತು, ಇಲ್ಲವೇ ನಾಯಿ ಹಾಗೆಂದಿತು ಎಂದು ಹ್ಯಾಂಡ್ಲರ್‌ಗೆ ಅನಿಸಿತ್ತು. ಹಗ್ಗ ಹಿಡಿದವನ ಮನಸ್ಸಿನಲ್ಲಿರುವ ಅನುಮಾನ ಹಗ್ಗದಲ್ಲೂ ಇಳಿದು ಹೋಗುತ್ತದೆ ಎಂಬುದು ಇದರ ತಾತ್ಪರ್ಯ.

ಸುಪ್ರೀಂ ಕೋರ್ಟ್ ಇದನ್ನು ಬಹಳ ಹಿಂದೆಯೇ ಗಮನಿಸಿದೆ. ಮಹಾರಾಷ್ಟ್ರದ ರೈಲು ಹಳಿ ತಪ್ಪಿಸಿದ ಅಬ್ದುಲ್ ರಜಾಕ್ ಪ್ರಕರಣದಲ್ಲಿ, 1969ರಷ್ಟು ಹಿಂದೆ, ಜಾಡು ಹಿಡಿಯುವ ನಾಯಿಯ ‘ಸಾಕ್ಷ್ಯ’ಕ್ಕೆ ಇರುವ ಆಕ್ಷೇಪಗಳನ್ನು ನ್ಯಾಯಾಲಯ ಪಟ್ಟಿ ಮಾಡಿತು. ನಾಯಿ ಕಟಕಟೆಗೆ ಬಂದು ನುಡಿಯಲಾರದು, ಅದರ ಪರವಾಗಿ ನುಡಿಯುವವನು ಹ್ಯಾಂಡ್ಲರ್, ಅವನನ್ನು ಎಷ್ಟೇ ಪಾಟೀಸವಾಲು ಮಾಡಿದರೂ ನಾಯಿಯನ್ನು ಮಾಡಲಾಗದು. 2001ರ ಗಡೆ ಲಕ್ಷ್ಮೀ ಮಂಗರಾಜು ಪ್ರಕರಣ ಮತ್ತು 2008ರ ದಿನೇಶ್ ಬರ್ಠಾಕುರ್ ಪ್ರಕರಣಗಳಲ್ಲೂ ನ್ಯಾಯಾಲಯದ ನಿಲುವು ಅದೇ ದಿಕ್ಕಿನದು: ತನಿಖೆಗೆ ನಾಯಿಯ ನೆರವು ಪಡೆಯಿರಿ, ಶಿಕ್ಷೆಗೆ ಅದನ್ನೇ ಆಧಾರ ಮಾಡಬೇಡಿ. ತುಂಗಾ ಹಿಡಿದುಕೊಟ್ಟ ಪ್ರಕರಣದಲ್ಲೂ ಮುಂದೆ ಕೆಲಸಕ್ಕೆ ಬರುವುದು ಪಿಸ್ತೂಲು, ಗುಂಡು, ಮಾಲು, ಹೇಳಿಕೆ. ನಾಯಿ ದಾರಿ ತೋರಿಸಿ ಹಿಂದೆ ಸರಿಯುತ್ತದೆ.

ಊರಿನ ನ್ಯಾಯದಲ್ಲಿ ಅದು ಹಿಂದೆ ಸರಿಯುವುದಿಲ್ಲ. ಈ ಭಾಗದಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಇದೆ. ಬ್ರಿಟಿಷರ 1871ರ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ‘ಅಪರಾಧಿ ಬುಡಕಟ್ಟು’ ಎಂದು ಗುರುತು ಹಾಕಿತು. ಮುಂಬೈ ಪ್ರಾಂತದಲ್ಲಿ ಅವರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಲ್ಲಿ ವಿಜಯಪುರದ್ದೂ ಒಂದು. ಹುಬ್ಬಳ್ಳಿ, ಗದಗ, ಸೊಲ್ಲಾಪುರದಲ್ಲೂ ಇದ್ದವು. ದೇಶದಲ್ಲಿ ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಕಾಗದದಿಂದ ಹೋದದ್ದು ಜನರ ಮಾತಿನಿಂದ ಇನ್ನೂ ಹೋಗಿಲ್ಲ. ಅಂಥ ಓಣಿಯ ಮುಂದೆ, ಇಲ್ಲವೇ ಯಾವುದೋ ತಾಂಡಾದ ಗುಡಿಸಲ ಮುಂದೆ ನಾಯಿ ಎರಡು ನಿಮಿಷ ನಿಂತರೆ ಸಾಕು, ಮೊಬೈಲುಗಳು ಮೇಲೇಳುತ್ತವೆ. ಸಂಜೆಯೊಳಗೆ ವಾಟ್ಸ್‌ಆ್ಯಪಿನಲ್ಲಿ ಮನೆಯ ಚಿತ್ರ. ನಾಯಿ ಅಲ್ಲಿ ನೀರಿಗೆ ನಿಂತಿತೋ, ಅಲ್ಲಿನ ಹೆಣ್ಣು ನಾಯಿಯ ವಾಸನೆಗೆ ನಿಂತಿತೋ ಕೇಳುವವರಿಲ್ಲ. ಶ್ವಾನದಳ ಬಂದಾಗ ಜನರನ್ನು ದೂರ ಇಡುವುದು ಜಾಡು ಉಳಿಸುವುದಕ್ಕೆ ಎಷ್ಟು ಮುಖ್ಯವೋ ಇಂಥ ಮನೆಗಳ ಮಾನ ಉಳಿಸುವುದಕ್ಕೂ ಅಷ್ಟೇ ಮುಖ್ಯ. ನಾಯಿ ಎಲ್ಲಿ ನಿಂತಿತು ಎಂಬುದನ್ನು ಆರೋಪಪಟ್ಟಿ ಸಲ್ಲಿಸುವ ತನಕ ಪೊಲೀಸರೂ ಹೇಳಬಾರದು, ಪತ್ರಿಕೆಗಳೂ ಬರೆಯಬಾರದು. ಪತ್ರಿಕೆಯೊಂದರಲ್ಲಿ ಕೂತು ಹೀಗೆ ಹೇಳುವುದು ಸ್ವಲ್ಪ ಮುಜುಗರದ ಮಾತೇ, ಆದರೂ ಹೇಳಬೇಕಾದ್ದು.

ನಾಯಿಯ ಮಾತು ಎತ್ತಿದರೆ ಈ ಭಾಗದಲ್ಲಿ ಮುಧೋಳದ ಮಾತು ಬರಲೇಬೇಕು. ಪಕ್ಕದ ಬಾಗಲಕೋಟೆ ಜಿಲ್ಲೆಯ ಹೆಮ್ಮೆ ಅದು. ಮುಧೋಳದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿದ್ದು, ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಜೋಡಿ ನಾಯಿ ಕೊಟ್ಟಿದ್ದು ಎಲ್ಲರೂ ಹೇಳುವ ಕಥೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಸೇನೆಗೆ, ಗಡಿ ಭದ್ರತಾ ಪಡೆಗೆ, 2022ರಲ್ಲಿ ಪ್ರಧಾನಿಯ ಭದ್ರತಾ ದಳಕ್ಕೂ ಹೋದವು. ಬಾಗಲಕೋಟೆ ಪೊಲೀಸರು ಕ್ರಿಶ್ ಎಂಬ ಮುಧೋಳ ನಾಯಿಯನ್ನು ತಮ್ಮ ದಳಕ್ಕೆ ತೆಗೆದುಕೊಂಡರು. ಹಾಗಾದರೆ ವಿಜಯಪುರದ ಪ್ರತಿ ಠಾಣೆಗೂ ಒಂದೊಂದು ಮುಧೋಳ ಕೊಡಿ ಎಂಬ ಬೇಡಿಕೆ ಕೇಳಲು ಚೆಂದ. ಆದರೆ ಮುಧೋಳ ಮೂಲತಃ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಬಯಲಿನಲ್ಲಿ ಮೊಲ ಕಂಡರೆ ಬಾಣದಂತೆ ಹೋಗುತ್ತದೆ. ನೆಲಕ್ಕೆ ಮೂಗು ಹಚ್ಚಿ ನಿಧಾನಕ್ಕೆ ನಡೆಯುವ ಸ್ವಭಾವ ಅದರದಲ್ಲ ಎಂದು ತರಬೇತುದಾರರು ಅನುಮಾನಪಡುತ್ತಿದ್ದದ್ದು ಇದಕ್ಕೇ.

ಆ ಅನುಮಾನಕ್ಕೆ ಒಂದು ನಾಯಿಯಂತೂ ತಕ್ಕ ಉತ್ತರ ಕೊಟ್ಟಿದೆ. ಗ್ವಾಲಿಯರ್ ಹತ್ತಿರದ ಟೆಕನ್‌ಪುರದಲ್ಲಿರುವ ಗಡಿ ಭದ್ರತಾ ಪಡೆಯ ಕೇಂದ್ರದಲ್ಲಿ ತಯಾರಾದ ರಿಯಾ ಎಂಬ ಮುಧೋಳ ನಾಯಿ, 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಜಾಡು ಹಿಡಿಯುವ ವಿಭಾಗದಲ್ಲೇ ವಿದೇಶಿ ತಳಿಗಳನ್ನು ಹಿಂದೆ ಹಾಕಿ ಮೊದಲ ಬಹುಮಾನ ತೆಗೆದುಕೊಂಡಿತು. ಬಿಸಿಲು ತಾಳುವುದರಲ್ಲಿ, ಗಿಡ್ಡ ಕೂದಲಿನ ತೆಳ್ಳನೆಯ ಮೈಯಲ್ಲಿ, ಕಡಿಮೆ ಕಾಯಿಲೆಯಲ್ಲಿ ಈ ತಳಿಗೆ ಜರ್ಮನ್ ಶೆಫರ್ಡ್‌ಗಿಂತ ಅನುಕೂಲ ಇದ್ದೇ ಇದೆ. ಆದ್ದರಿಂದ ಪ್ರಯೋಗ ಮಾಡಲಿ. ಆದರೆ ತಳಿಯ ಅಭಿಮಾನ ಮುಖ್ಯ ಪ್ರಶ್ನೆಯನ್ನು ನುಂಗಬಾರದು. ವಿಜಯಪುರದಲ್ಲಿ ಕೂತ ಮುಧೋಳ ನಾಯಿಗೂ ದೇವರ ಹಿಪ್ಪರಗಿ 40 ಕಿ.ಮೀ. ದೂರವೇ.

ನಾಯಿಗಿಂತ ಸಿಗುವುದು ಕಷ್ಟವಾದದ್ದು ಹ್ಯಾಂಡ್ಲರ್. ಮರಿಯನ್ನು ಕೊಳ್ಳಬಹುದು, ಬೆಂಗಳೂರಿನ ಆಡುಗೋಡಿಯಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಡಿಸಬಹುದು. ಆದರೆ ಪ್ರತಿ ನಾಯಿಗೆ ಜೊತೆಯಾಗಿ ತಯಾರಾದ ಇಬ್ಬರು ಬೇಕು, ಮತ್ತು ಆ ಇಬ್ಬರು ಅದರ ಏಳೆಂಟು ವರ್ಷದ ಸೇವೆಯುದ್ದಕ್ಕೂ ಜೊತೆಗಿರಬೇಕು. ಬೆಳಿಗ್ಗೆ ಎಬ್ಬಿಸಿ ಓಡಿಸುವುದು, ಮೈ ಉಜ್ಜುವುದು, ತೂಕ ನೋಡಿ ಊಟ ಹಾಕುವುದು, ಜ್ವರ ಬಂದರೆ ರಾತ್ರಿ ಕೂರುವುದು, ಹಬ್ಬದ ದಿನವೂ ರಜೆ ಇಲ್ಲ. ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೆಬಲ್‌ಗೆ ಈ ಕೆಲಸ ಬಡ್ತಿಯ ದಾರಿಯಲ್ಲ, ಎಷ್ಟೋ ಸಲ ಬಡ್ತಿ ಬಂದಾಗ ನಾಯಿಯನ್ನು ಬಿಟ್ಟು ಹೋಗಬೇಕಾಗುತ್ತದೆ. ಹೊಸಬನ ಕೈಗೆ ಹೋದ ನಾಯಿ ಮತ್ತೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ದಾವಣಗೆರೆಯ ನಾಯಿಗಳ ಹೆಸರು ಊರೂರಿಗೂ ಗೊತ್ತು. ಮಳೆಯಲ್ಲಿ 8 ಕಿ.ಮೀ. ಹಗ್ಗ ಹಿಡಿದು ಓಡಿದವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಹಾಗಾಗಿ ಕೇಳಬೇಕಾದದ್ದು ಠಾಣೆಗೊಂದು ನಾಯಿ ಅಲ್ಲ. ಅದು ಆಗುವ ಮಾತಲ್ಲ, ಆದರೂ ನಿಲ್ಲುವ ಮಾತಲ್ಲ; ತಿಂಗಳಿಗೊಮ್ಮೆ ಕೆಲಸ ಸಿಗುವ ನಾಯಿ ಅಭ್ಯಾಸ ತಪ್ಪಿ ಕೆಡುತ್ತದೆ. ಕೇಳಬೇಕಾದದ್ದು ಜಿಲ್ಲಾ ಕೇಂದ್ರದ ದಳವನ್ನು ಒಡೆದು ಹೊರಗೆ ತರುವುದು. ಇಂಡಿಯಲ್ಲಿ ಡಿವೈಎಸ್‌ಪಿ ಕಚೇರಿ ಇರುವುದರಿಂದ ಮೊದಲ ಉಪದಳ ಅಲ್ಲಿಗೇ ಎಂದು ಅಧಿಕಾರಿಗಳು ಲೆಕ್ಕ ಹಾಕುವುದು ಸಹಜ. ಚಡಚಣದ ಗಡಿಗೆ ಅದು ಅನುಕೂಲ. ದೇವರ ಹಿಪ್ಪರಗಿಗೆ ಮಾತ್ರ ಏನೂ ಉಪಯೋಗವಿಲ್ಲ, ಏಕೆಂದರೆ ಇಂಡಿಯಿಂದ ಇಲ್ಲಿಗೆ ಬರುವ ದಾರಿ ವಿಜಯಪುರದ ದಾರಿಗಿಂತ ಕಡಿಮೆಯಿಲ್ಲ. ಸಿಂದಗಿಯಲ್ಲಿಟ್ಟರೆ ದೇವರ ಹಿಪ್ಪರಗಿಗೂ ಆಲಮೇಲಕ್ಕೂ ಅರ್ಧ ತಾಸಿನ ಹಾದಿ. ಒಂದು ಕ್ರೈಂ ಡಾಗ್, ಇಬ್ಬರು ಹ್ಯಾಂಡ್ಲರ್‌ಗಳು, ಒಂದು ಜೀಪು, ನೆರಳು ಗಾಳಿ ಇರುವ ಗೂಡು. ಪಶು ಆಸ್ಪತ್ರೆ ತಾಲ್ಲೂಕಿನಲ್ಲಿ ಇದ್ದೇ ಇದೆ.

ಒಂದೇ ಉಪದಳಕ್ಕೆ ಹಣ ಇದೆ ಎಂದರೆ ಅದು ಸಿಂದಗಿಗೂ ಬೇಡ, ಮುದ್ದೇಬಿಹಾಳಕ್ಕೆ ಹೋಗಲಿ. ಜಿಲ್ಲಾ ಕೇಂದ್ರದಿಂದ ಎಲ್ಲರಿಗಿಂತ ದೂರ ಇರುವವರು ಅವರು, ತಾಳಿಕೋಟೆಯೂ ಅವರ ಜೊತೆಗೇ ಬರುತ್ತದೆ. ಆ ದಿಕ್ಕಿನ ಓಡಾಟ ತಪ್ಪಿದರೆ ವಿಜಯಪುರದ ನಾಯಿ ಗೂಡಿನಲ್ಲೇ ಸಿಗುವ ದಿನಗಳು ಹೆಚ್ಚುತ್ತವೆ, ದೇವರ ಹಿಪ್ಪರಗಿಯ ಠಾಣೆಯಿಂದ ಆರು ಗಂಟೆಗೆ ಫೋನು ಹೋದರೆ ಏಳೂವರೆಯೊಳಗೆ ಅದು ಬಂದು ಇಳಿಯಬಹುದು. ಅಷ್ಟು ಹೊತ್ತು ಬಾಗಿಲು ಕಾಯುವ ಕೆಲಸ ಠಾಣೆಯವರದು, ಒಳಗೆ ನುಗ್ಗದಿರುವ ಕೆಲಸ ಓಣಿಯವರದು.